ಶೆರಿಫರ ಈಟಿಯಾಳು

ಹಾಲ್ಕಾಂಬ್‌ನಲ್ಲಿ ಜೋಬ್ ಟ್ರೆಂಡಲ್‌ನಷ್ಟು ಎತ್ತರದ ಗಂಡಸು ಇನ್ನೊಬ್ಬನಿರಲಿಲ್ಲ. ಅವನ ಬಾಳು ಕೆಟ್ಟದ್ದಕ್ಕೆ ಅದೊಂದೇ ಕಾರಣವೆಂದು ಹೇಳಲಾಗದು, ಆದರೆ ಶುರುವಾದದ್ದು ಅಲ್ಲಿಂದ. ಚರ್ಚಿನ ಪಕ್ಕದ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಬೇಕಾಗಿದ್ದವನು ಅವನೊಬ್ಬನೇ. ಸ್ಕ್ವೈರ್ ಆರ್ಡ್‌ಲಿಯವರ ಎದುರಿಗೆ ಅವನು ಅದಕ್ಕಿಂತ ಹೆಚ್ಚು ಬಗ್ಗುತ್ತಿದ್ದ. ಆರ್ಡ್‌ಲಿಯವರು ಗಿಡ್ಡ ಆಳು. ತನ್ನ ಜಮೀನಿನ ಧಣಿಗಿಂತ ತಾನು ಎತ್ತರವಾಗಿ ಬೆಳೆದದ್ದು ತನ್ನದೇ ಅಪರಾಧವೆಂಬಂತೆ ಅವನು ಹೆಗಲು ಕುಗ್ಗಿಸಿ ನಿಲ್ಲುವುದನ್ನು ಕಲಿತಿದ್ದ. ಅವನ ತಮ್ಮ ರೂಬೆನ್ ಅಷ್ಟೇನೂ ಎತ್ತರವಿರಲಿಲ್ಲ. ಆದರೆ ಯಾರ ಎದುರಿಗೂ ಅವನು ಇದ್ದಷ್ಟೂ ಎತ್ತರಕ್ಕೇ ನಿಲ್ಲುತ್ತಿದ್ದ.

ಅಪ್ಪ ಸತ್ತ ಮೇಲೆ ಆರ್ಡ್‌ಲಿಯವರ ಗುತ್ತಿಗೆ ಜಮೀನು ಹಿರಿಯನಾದ ಜೋಬ್‌ಗೆ ಬಂತು. ತೊರೆಯ ಪಕ್ಕದ ಹುಲ್ಲುಗಾವಲು, ಒಂದಿಷ್ಟು ಉಳುವ ನೆಲ, ಕಲ್ಲಿನ ಮನೆ, ಮೂರು ನಾಲ್ಕು ಹಸು. ರೂಬೆನ್‌ಗೆ ಓಣಿಯ ಕೊನೆಯ ಗುಡಿಸಲು, ಊರವರ ಹೊಲಗಳಲ್ಲಿ ಕೂಲಿ. ಇದರಲ್ಲಿ ಅನ್ಯಾಯವಿದೆಯೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ತಾಯಿ ಡಾರ್ಕಸ್ ದೊಡ್ಡ ಮಗನ ಮನೆಯಲ್ಲಿದ್ದಳು. ಜೋಬ್‌ನ ಹೆಂಡತಿ ಕೆಜಾಯ ಅತ್ತೆಯೊಂದಿಗೆ ಜಗಳವಾಡದ ಹೆಂಗಸು. ಭಾನುವಾರ ಹಂದಿಮಾಂಸ ಬೇಯಿಸಿದರೆ ರೂಬೆನ್ ಬರುತ್ತಿದ್ದ. ಬಂದವನು ಅಣ್ಣನನ್ನು ಗೇಲಿ ಮಾಡಿಕೊಂಡೇ ಉಣ್ಣುತ್ತಿದ್ದ. ಜೋಬ್ ಅದಕ್ಕೆ ನಗುತ್ತಿದ್ದ. ಅವನ ಬದುಕಿನಲ್ಲಿ ನಗುವಿಗೆ ಬೇರೆ ಕಾರಣಗಳು ಹೆಚ್ಚಿರಲಿಲ್ಲ.

ಒಂದು ಚಳಿಗಾಲ ತೆಂಕಣ ಇಂಗ್ಲೆಂಡಿನ ಊರೂರಿನಲ್ಲೂ ಕೂಲಿಗಳು ಎದ್ದರು. ದೊಡ್ಡ ರೈತರು ಒಕ್ಕಣೆ ಯಂತ್ರ ತಂದಿದ್ದರು. ಚಳಿಗಾಲದುದ್ದಕ್ಕೂ ಕಣದಲ್ಲಿ ಕಾಳು ಬಡಿದು ಹೊಟ್ಟೆ ಹೊರೆಯುತ್ತಿದ್ದವರ ಕೈ ಖಾಲಿಯಾಯಿತು. ಹಾಲ್ಕಾಂಬ್‌ನಲ್ಲಿ ಯಂತ್ರ ತಂದವನು ಸ್ಪ್ರಾಟ್. ಆರ್ಡ್‌ಲಿಯವರ ಗುತ್ತಿಗೆದಾರರಲ್ಲೆಲ್ಲ ದೊಡ್ಡವನು ಅವನೇ. ನವೆಂಬರಿನ ಒಂದು ಮಧ್ಯಾಹ್ನ ಪಕ್ಕದ ಊರುಗಳಿಂದ ಬಂದ ಗುಂಪೊಂದು ಸುತ್ತಿಗೆಗಳಿಂದ ಆ ಯಂತ್ರವನ್ನು ಮುರಿದು ಹಾಕಿತು. ಗುಂಪಿನಲ್ಲಿ ಕೆಂಪು ಕೂದಲಿನವನೊಬ್ಬನನ್ನು ಕಂಡೆ, ಅವನು ರೂಬೆನ್ ಟ್ರೆಂಡಲ್ ಎಂದು ಸ್ಪ್ರಾಟ್ ಪ್ರಮಾಣ ಮಾಡಿ ಹೇಳಿದ. ಆ ಸುತ್ತಮುತ್ತ ಕೆಂಪು ಕೂದಲಿನವರು ಬೇರೆಯೂ ಇದ್ದರು. ಆದರೆ ಹಿಂದಿನ ಸುಗ್ಗಿಯಲ್ಲಿ ಕೂಲಿ ಇಳಿಸಿದ್ದಕ್ಕೆ ಸ್ಪ್ರಾಟ್‌ನ ಮುಖಕ್ಕೇ ಬಾಯಿ ಮಾಡಿದವನು ರೂಬೆನ್ ಒಬ್ಬನೇ.

ಆ ಮಧ್ಯಾಹ್ನ ರೂಬೆನ್ ಇದ್ದದ್ದು ಅಣ್ಣನ ಕೊಟ್ಟಿಗೆಯಲ್ಲಿ. ಕಂದು ಹಸುವಿಗೆ ಕರು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅಣ್ಣತಮ್ಮಂದಿರು ಅಂಗಿಯ ತೋಳು ಮಡಚಿ, ಹಗ್ಗ ಕಟ್ಟಿ, ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅದರೊಂದಿಗೆ ಹೆಣಗಿದ್ದರು. ಡಾರ್ಕಸ್ ಬಿಸಿನೀರು ಹೊತ್ತು ತಂದಿದ್ದಳು. ಕೆಜಾಯ ಅಂದು ಮಗುವಿನೊಂದಿಗೆ ತವರಿಗೆ ಹೋಗಿದ್ದಳು. ಆದ್ದರಿಂದ ರೂಬೆನ್ ಎಲ್ಲಿದ್ದನೆಂದು ಬಲ್ಲವರು ಅವನನ್ನು ಬಿಟ್ಟರೆ ಇಬ್ಬರೇ: ತಾಯಿ ಮತ್ತು ಅಣ್ಣ.

ರೂಬೆನ್‌ನನ್ನು ಇತರರೊಂದಿಗೆ ಗಾಡಿಯಲ್ಲಿ ಕೌಂಟಿಯ ಮುಖ್ಯ ಪಟ್ಟಣವಾದ ವೆಲ್‌ಬರಿಯ ಸೆರೆಮನೆಗೆ ಸಾಗಿಸಿದರು. ಮಾರ್ಚಿನಲ್ಲಿ ಲಂಡನ್ನಿನಿಂದ ನ್ಯಾಯಾಧೀಶರು ಬಂದು ದೊಡ್ಡ ಕೋರ್ಟು ಕೂರಿಸುವವರೆಗೆ ಅವನು ಅಲ್ಲೇ ಇರಬೇಕಾಗಿತ್ತು.

ಆ ವರ್ಷವೇ ಆರ್ಡ್‌ಲಿಯವರು ಕೌಂಟಿಯ ಹೈ ಶೆರಿಫ್ ಆದರು.

ಶೆರಿಫ್ ಎಂದರೆ ಒಂದು ಕಾಲಕ್ಕೆ ಕೌಂಟಿಯಲ್ಲಿ ರಾಜನ ಕೈ. ಕಂದಾಯ ಎತ್ತುವುದು, ಕೋಟೆ ಕಾಯುವುದು, ದಂಡು ಕೂಡಿಸುವುದು, ಕಳ್ಳರನ್ನು ಹಿಡಿಯುವುದು ಎಲ್ಲ ಅವನದೇ. ಶತಮಾನಗಳು ಕಳೆದ ಹಾಗೆ ಒಂದೊಂದೇ ಕೆಲಸ ಬೇರೆಯವರ ಪಾಲಾಯಿತು. ನಾಲ್ಕನೆಯ ವಿಲಿಯಂ ದೊರೆಯ ಕಾಲಕ್ಕೆ ಉಳಿದದ್ದು ಕಪ್ಪು ಮಖಮಲ್ಲಿನ ಉಡುಪು, ಸೊಂಟದಲ್ಲೊಂದು ಕತ್ತಿ, ಕೈಯಲ್ಲೊಂದು ಬಿಳಿ ಕೋಲು, ಮತ್ತು ವರ್ಷಕ್ಕೆರಡು ಸಲ ಬರುವ ನ್ಯಾಯಾಧೀಶರ ವಸತಿ, ಊಟ, ಮೆರವಣಿಗೆ. ನೇಣು ಹಾಕಿಸುವ ಹೊಣೆ ಮಾತ್ರ ಶೆರಿಫನಲ್ಲೇ ಉಳಿದಿತ್ತು. ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ಈ ಪದವಿಯನ್ನು ಬೇಡಿ ಪಡೆದವರು ಕಡಿಮೆ. ಕೌಂಟಿಯ ಮೂರು ಹೆಸರುಗಳನ್ನು ಬರೆದ ಚರ್ಮದ ಸುರುಳಿಯನ್ನು ರಾಜನ ಮುಂದೆ ಬಿಡಿಸುತ್ತಾರೆ. ರಾಜ ಒಂದು ಹೆಸರಿನ ಎದುರಿಗೆ ದಬ್ಬಳದಿಂದ ಚುಚ್ಚುತ್ತಾನೆ. ಚುಚ್ಚಿಸಿಕೊಂಡವನು ಒಲ್ಲೆ ಎನ್ನುವ ಹಾಗಿಲ್ಲ. ಆ ಸಲದ ಮೂವರಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಸಂಧಿವಾತ ಹೆಚ್ಚಾಯಿತು, ಇನ್ನೊಬ್ಬರು ಇಟಲಿಯ ಹವೆಗೆಂದು ಹೊರಟೇ ಹೋದರು. ಆರ್ಡ್‌ಲಿಯವರಿಗೆ ಅಂಥ ನೆಪಗಳು ತಕ್ಷಣ ಹೊಳೆಯುತ್ತಿರಲಿಲ್ಲ. ದಬ್ಬಳ ಅವರ ಹೆಸರಿಗೆ ತಾಗಿತು.

ಶೆರಿಫ್ ಆದವರು ನ್ಯಾಯಾಧೀಶರ ಗಾಡಿಯ ಸುತ್ತ ಈಟಿ ಹಿಡಿದ ಆಳುಗಳನ್ನು ನಡೆಸಬೇಕು. ಅವರು ಬಾಡಿಗೆಯವರಾಗಬಾರದು, ಶೆರಿಫರ ಸ್ವಂತ ಒಕ್ಕಲುಗಳಾಗಿರಬೇಕೆಂಬುದು ಹಳೆಯ ಪದ್ಧತಿ. ಧಣಿಯ ಬಣ್ಣದ ಕೋಟು, ಧಣಿಯ ಮನೆತನದ ಗುರುತಿರುವ ಹಿತ್ತಾಳೆ ಗುಂಡಿ, ಟೋಪಿಗೊಂದು ರಿಬ್ಬನ್ನಿನ ಹೂವು. ಮುಂದಿನ ಸಾಲಿಗೆ ಎತ್ತರದವರು ಬೇಕು. ಆರ್ಡ್‌ಲಿಯವರ ಪಾರುಪತ್ಯಗಾರ ಕ್ರೇಲ್ ಅಳತೆಯ ಪಟ್ಟಿ ಹಿಡಿದು ಮೊದಲು ಬಂದದ್ದು ಜೋಬ್‌ನ ಮನೆಗೆ.

ಕ್ರೇಲ್ ಹೋದ ಮೇಲೆ ಡಾರ್ಕಸ್ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಹೊಲಿಸ್ಕೊ," ಅಂದಳು. "ತಮ್ಮ ಒಳಗೆ ಹುಲ್ಲಿನ ಮೇಲೆ ಬಿದ್ದಿರ್ಲಿ, ಅಣ್ಣ ಹೊರಗೆ ಹಿತ್ತಾಳೆ ಗುಂಡಿ ಉಜ್ಕೊಂಡು ನಿಂತಿರ್ಲಿ. ಊರು ನೋಡಿ ಖುಷಿ ಪಡತ್ತೆ."

"ಅವ್ವ, ಧಣಿ ಈಗ ಬರೀ ನಮ್ಮ ಧಣಿ ಅಲ್ಲ. ರಾಜನ ಕೈ ಅವರು. ಜಡ್ಜಿ ಪಕ್ಕದಲ್ಲೇ ಕೂರ್ತಾರೆ, ಜಡ್ಜಿ ಜೊತೆಗೇ ಉಣ್ತಾರೆ. ಅವರು ಒಂದು ಮಾತು ಅಂದ್ರೆ ಸಾಕು."

"ಮಾತು ಅವರು ಯಾಕೆ ಅನ್ಬೇಕು? ಕೊಟ್ಟಿಗೇಲಿದ್ದಿದ್ದು ಅವರಾ? ನಿನ್ನ ಬಾಯಿಗೆ ಏನು ಬಡಿದಿದೆ?"

ಜೋಬ್‌ಗೆ ಇದನ್ನು ವಿವರಿಸಲು ಬರಲಿಲ್ಲ. ಅವನ ಲೆಕ್ಕದಲ್ಲಿ ಅವನಂಥವನ ಮಾತಿಗೆ ಕೋರ್ಟಿನಲ್ಲಿ ತೂಕವಿರಲಿಲ್ಲ. ತೂಕವಿದ್ದವರ ಬಾಯಿಂದ ಆಡಿಸಿದರೆ ಮಾತ್ರ ಅದು ಮಾತು. ಅವನ ಅಪ್ಪನೂ ಹೀಗೇ ಬದುಕಿದ್ದ. ಚಾವಣಿ ಸೋರಿದರೆ, ಬೇಲಿ ಮುರಿದರೆ, ಪಾದ್ರಿಯೊಂದಿಗೆ ಮನಸ್ತಾಪವಾದರೆ, ಟೋಪಿ ತೆಗೆದು ಧಣಿಯ ಹಿಂಬಾಗಿಲಿಗೆ ಹೋಗುತ್ತಿದ್ದ. ಧಣಿಯ ದೇಹದ ಮೇಲೆ ರಾಜನ ಮಖಮಲ್ಲು ಬಿದ್ದ ಮೇಲೆ ಆ ಹಿಂಬಾಗಿಲಿನ ಬಲ ನೂರ್ಮಡಿಯಾಯಿತೆಂದು ಜೋಬ್ ನಂಬಿದ. ಅವನೊಬ್ಬನೇ ಅಲ್ಲ, ಕೌಂಟಿಯ ಮುಕ್ಕಾಲು ಜನ ಹಾಗೆಯೇ ನಂಬಿದ್ದರು. ಕತ್ತಿ, ಕೋಲು, ಕಹಳೆಗಳು ಇದ್ದದ್ದೇ ಆ ನಂಬಿಕೆ ಆರದಿರಲಿ ಎಂದು.

ಜೋಬ್ ಧಣಿಯ ಮನೆಗೆ ಹೋದಾಗ ಆರ್ಡ್‌ಲಿಯವರು ದರ್ಜಿಯ ಮುಂದೆ ನಿಂತು ಮಖಮಲ್ಲಿನ ಅಳತೆ ನೋಡಿಸಿಕೊಳ್ಳುತ್ತಿದ್ದರು. ರೇಷ್ಮೆ ಕಾಲುಚೀಲದಲ್ಲಿ ಅವರ ಮೀನಖಂಡ ಬಡಕಲಾಗಿ ಕಾಣುತ್ತಿತ್ತು. ಒಳಗೆ ಸ್ವಲ್ಪ ಹತ್ತಿ ತುಂಬಿದರೆ ಹೇಗೆ ಎಂದು ದರ್ಜಿಯೊಂದಿಗೆ ಚರ್ಚೆ ನಡೆದಿತ್ತು. ಜೋಬ್ ಬಾಗಿಲ ಬಳಿ ಚಾಪೆಯ ಮೇಲೆ ನಿಂತು ಕೊಟ್ಟಿಗೆಯ ವಿಷಯವನ್ನೆಲ್ಲ ಹೇಳಿದ. ಆರ್ಡ್‌ಲಿಯವರು ಕೇಳಿಸಿಕೊಂಡರು. ಅವರು ಕ್ರೂರಿಯಲ್ಲ. ಕ್ರೂರಿಯಾಗಿದ್ದರೆ ಜೋಬ್ ಎಚ್ಚರದಿಂದಿರುತ್ತಿದ್ದನೇನೋ.

"ನೋಡು ಜೋಬ್, ಸ್ಪ್ರಾಟ್ ಪ್ರಮಾಣ ಮಾಡಿಬಿಟ್ಟಿದ್ದಾನೆ," ಅಂದರು. "ಈಗ ನೀನು ಎದುರು ನಿಂತು ಪ್ರಮಾಣ ಮಾಡಿ ಇಲ್ಲ ಅಂದ್ರೆ, ನನ್ನ ಇಬ್ಬರು ಒಕ್ಕಲುಗಳು ಕೋರ್ಟಲ್ಲಿ ಒಬ್ಬರನ್ನೊಬ್ಬರು ಸುಳ್ಳುಗಾರ ಅಂದ ಹಾಗಾಗತ್ತೆ. ಅದೂ ನಾನು ಶೆರಿಫ್ ಆಗಿರೋ ವರ್ಷ. ಜಡ್ಜಿಗೂ ರೇಗತ್ತೆ. ನೀನು ಹೆಚ್ಚು ಮಾತಾಡೋಕೆ ಹೋಗಬೇಡ. ನಾನು ಅವರ ಹತ್ತಿರ ಹೇಳ್ತೀನಿ, ಊಟದ ಹೊತ್ತಲ್ಲಿ."

"ಹೇಳ್ತೀರಾ ಧಣಿ?"

"ಹೇಳ್ತೀನಿ ಅಂದೆನಲ್ಲ. ಅಂದ ಹಾಗೆ, ಮಾರ್ಚಿ ಕೊನೆಗೆ, ಲೇಡಿ ಡೇಗೆ ನಿನ್ನ ಗುತ್ತಿಗೆ ಮುಗಿಯತ್ತೆ ಅಲ್ವೆ? ಕ್ರೇಲ್ ಹೇಳ್ತಿದ್ದ. ಅದನ್ನೂ ಆಗ ನೋಡೋಣ."

ಇದನ್ನು ಅವರು ಮೃದುವಾಗಿಯೇ ಹೇಳಿದರು. ಬೆದರಿಸಬೇಕಾದ ಅಗತ್ಯ ಎಂದೂ ಬಾರದವರ ಮಾತು ಹಾಗೆಯೇ ಇರುತ್ತದೆ. ಜೋಬ್ ಎರಡು ಮಾತನ್ನೂ ಒಂದೇ ಗಂಟಿಗೆ ಕಟ್ಟಿಕೊಂಡು ಮನೆಗೆ ಬಂದ: ತಮ್ಮನೂ ಬರುತ್ತಾನೆ, ಜಮೀನೂ ಉಳಿಯುತ್ತದೆ, ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಮಾರ್ಚಿನಲ್ಲಿ ನ್ಯಾಯಾಧೀಶರು ಬಂದರು. ಕೌಂಟಿಯ ಗಡಿಯ ಸೇತುವೆಯ ಬಳಿ ಶೆರಿಫರು ಅವರನ್ನು ಎದುರುಗೊಂಡು ತಮ್ಮ ಗಾಡಿಗೆ ಹತ್ತಿಸಿಕೊಂಡರು. ಕಹಳೆಯವರು ಊದಿದರು. ನೀಲಿ ಕೋಟು ತೊಟ್ಟ ಈಟಿಯಾಳುಗಳು ಎರಡು ಸಾಲಿನಲ್ಲಿ ನಡೆದರು. ಬಲಸಾಲಿನ ಮೊದಲಿಗ ಜೋಬ್. ವೆಲ್‌ಬರಿಯ ಬೀದಿಯಲ್ಲಿ ಹೆಂಗಸರು ಅವನನ್ನು ಬೆರಳು ಮಾಡಿ ತೋರಿಸಿದರು. ಅವನಿಗೆ ಆ ಗಳಿಗೆಯಲ್ಲಿ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ನೆಟ್ಟಗೆ ನಿಲ್ಲಲು ಅಪ್ಪಣೆಯಾಗಿತ್ತು. ದಾರಿ ಸೆರೆಮನೆಯ ಗೋಡೆಯ ಪಕ್ಕದಲ್ಲೇ ಹಾದುಹೋಯಿತು. ಕಹಳೆಯ ಸದ್ದು ರೂಬೆನ್‌ಗೆ ಕೇಳಿಸಿರಬೇಕು, ಧಣಿ ಬಂದರು ಎಂದು ಅವನಿಗೂ ಧೈರ್ಯ ಬಂದಿರಬೇಕು ಎಂದು ಜೋಬ್ ಅಂದುಕೊಂಡ.

ಆ ಸಂಜೆ ನ್ಯಾಯಾಧೀಶರ ಬಿಡಾರದಲ್ಲಿ ಶೆರಿಫರ ಔತಣ. ಜೋಬ್ ಕಿಟಕಿಯ ಕೆಳಗೆ ಪಹರೆ ನಿಂತಿದ್ದ. ಮಾಂಸ ಹುರಿದ ವಾಸನೆ, ಗ್ಲಾಸುಗಳ ಸದ್ದು. ಪರದೆ ಸರಿದಿದ್ದ ಕಡೆಯಿಂದ ಒಳಗೆ ಕಾಣುತ್ತಿತ್ತು. ಆರ್ಡ್‌ಲಿಯವರು ನ್ಯಾಯಾಧೀಶರ ಕಡೆಗೆ ವಾಲಿ ಏನೋ ಹೇಳಿದರು; ನ್ಯಾಯಾಧೀಶರು ಗಂಭೀರವಾಗಿ ತಲೆಯಾಡಿಸಿದರು. ಜೋಬ್‌ನ ಎದೆ ಹಗುರಾಯಿತು. ಅಲ್ಲಿ ಮಾತು ನಡೆದದ್ದು ಆ ವರ್ಷದ ಕವುಜುಗ ಹಕ್ಕಿಯ ಬೇಟೆಯ ಬಗ್ಗೆ.

ಮರುದಿನ ಬೆಳಿಗ್ಗೆ ಕೋರ್ಟಿನ ಮೆಟ್ಟಿಲಲ್ಲಿ ಈಟಿಯಾಳುಗಳು ಎರಡೂ ಬದಿಗೆ ನಿಂತರು. ಆರ್ಡ್‌ಲಿಯವರು ನ್ಯಾಯಾಧೀಶರ ಹಿಂದೆ ಮೆಟ್ಟಿಲೇರುತ್ತ ಜೋಬ್‌ನ ಎದುರಿಗೆ ಒಂದು ಗಳಿಗೆ ನಿಂತರು, ಅವನನ್ನು ನೋಡಿದರು, ತಲೆಯಾಡಿಸಿ ಒಳಗೆ ಹೋದರು. ಜೋಬ್‌ಗೆ ಬೇಕಾಗಿದ್ದದ್ದು ಅಷ್ಟೇ. ಕೆಲಸ ಆಗಿದೆ.

ರೂಬೆನ್‌ನ ಜೊತೆ ಕಟಕಟೆಯಲ್ಲಿ ಇನ್ನೂ ಕೆಲವರಿದ್ದರು. ಅವನ ಪಕ್ಕದಲ್ಲಿ ಮುಂದಿನ ಊರಿನ ಈಲೈ ಸ್ಟ್ರೌಡ್ ಎಂಬ ಬಡಗಿ. ಅಂಥವರಿಗೆ ವಕೀಲರಿರಲಿಲ್ಲ. ಸ್ಪ್ರಾಟ್ ತಾನು ಕಂಡ ಕೆಂಪು ಕೂದಲಿನ ಕತೆ ಹೇಳಿದ. ನಿನ್ನ ಪರವಾಗಿ ಯಾರಿದ್ದಾರೆ ಎಂದು ಕೇಳಿದಾಗ ರೂಬೆನ್ ತಾಯಿಯ ಹೆಸರು ಹೇಳಿದ. ಡಾರ್ಕಸ್ ಹಾಲ್ಕಾಂಬ್‌ನಿಂದ ನಡೆದೇ ಬಂದಿದ್ದಳು. ಕರು ಅಡ್ಡ ಸಿಕ್ಕಿದ್ದು, ಬಿಸಿನೀರು, ಹಗ್ಗ, ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ನ್ಯಾಯಾಧೀಶರು ಸೆರೆಮನೆಯ ನಾತ ತಡೆಯಲೆಂದು ಮುಂದಿಟ್ಟಿದ್ದ ಹೂಗೊಂಚಲನ್ನು ಮೂಗಿನ ಹತ್ತಿರ ಹಿಡಿದು, ತಾಯಿಯಾದವಳು ಹೀಗಲ್ಲದೆ ಇನ್ನು ಹೇಗೆ ಹೇಳಿಯಾಳು ಎಂದರು. ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು.

"ನನ್ನ ದೊಡ್ಡ ಮಗ ಇದ್ದ ಮಹಾಸ್ವಾಮಿ."

"ಅವನು ಎಲ್ಲಿ?"

"ನಿಮ್ಮ ಬಾಗಿಲಲ್ಲೇ ನಿಂತಿದ್ದಾನೆ. ಈಟಿ ಹಿಡ್ಕೊಂಡು."

ಕೋರ್ಟು ಗುಸುಗುಟ್ಟಿತು. ನ್ಯಾಯಾಧೀಶರು ಪಕ್ಕದಲ್ಲಿದ್ದ ಶೆರಿಫರತ್ತ ನೋಡಿ, ಅವನನ್ನು ಕರೆಸಿ ಅಂದರು.

ಜೋಬ್ ಈಟಿಯನ್ನು ಪಕ್ಕದವನ ಕೈಗೆ ಕೊಟ್ಟು ಒಳಗೆ ಬಂದ. ಇದು ಅವನ ಲೆಕ್ಕದಲ್ಲಿರಲಿಲ್ಲ. ಕಟಕಟೆಯಿಂದ ರೂಬೆನ್ ಅವನನ್ನು ನೋಡಿ ಮೆಲ್ಲಗೆ ಮುಗುಳ್ನಕ್ಕ. ಭಾನುವಾರ ಗೇಲಿ ಮಾಡುವ ಮುಂಚೆ ನಗುತ್ತಿದ್ದನಲ್ಲ, ಹಾಗೆ. ಎದುರಿಗೆ ಸ್ಪ್ರಾಟ್ ಕೂತಿದ್ದ. ಮೇಲೆ ಮಖಮಲ್ಲಿನಲ್ಲಿ ಆರ್ಡ್‌ಲಿಯವರು ತಮ್ಮ ಬಿಳಿ ಕೋಲಿನ ತುದಿಯನ್ನೇ ನೋಡುತ್ತಿದ್ದರು. ಹೆಚ್ಚು ಮಾತಾಡಬೇಡ ಅಂದಿದ್ದರು. ಹೇಳುತ್ತೇನೆ ಅಂದಿದ್ದರು. ಹೇಳಿಯೂ ಆಗಿತ್ತು. ಈಗ ತಾನು ಬಾಯಿ ಬಿಟ್ಟು ಕುದುರಿದ ಕೆಲಸವನ್ನು ಕೆಡಿಸಬಾರದು.

ಆ ದಿನ ತಮ್ಮ ನಿನ್ನಲ್ಲಿಗೆ ಬಂದಿದ್ದನೇ ಎಂದು ನ್ಯಾಯಾಧೀಶರು ಕೇಳಿದರು. ಬಂದಿದ್ದ ಸ್ವಾಮಿ, ಹಸು ಕರು ಹಾಕುತ್ತಿತ್ತು ಎಂದ. ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ?

ಜೋಬ್ ಮತ್ತೆ ಧಣಿಯ ಮುಖ ನೋಡಿದ. ಧಣಿ ಕೋಲಿನಿಂದ ಕಣ್ಣೆತ್ತಲಿಲ್ಲ.

"ಗೊತ್ತಿಲ್ಲ ಮಹಾಸ್ವಾಮಿ. ನಾನು ಗಡಿಯಾರ ಇಲ್ಲದ ಮನುಷ್ಯ."

ಜನ ನಕ್ಕರು. ನ್ಯಾಯಾಧೀಶರೂ ನಸುನಕ್ಕರು. ಜೂರಿಗಳು ಕೂತಲ್ಲಿಂದ ಏಳದೆ ತಲೆಗಳನ್ನು ಹತ್ತಿರ ತಂದು, ದೂರ ಸರಿಸಿ, ಅಪರಾಧಿ ಅಂದರು. ಇಡೀ ಗುಂಪಿಗೆ ಒಂದೇ ಶಿಕ್ಷೆ: ಏಳು ವರ್ಷ ಕಡಲಾಚೆ, ಭೂಮಿಯ ಆ ತುದಿಯ ಕೈದಿಗಳ ದ್ವೀಪಕ್ಕೆ. ರೂಬೆನ್‌ನ ಮುಖದ ನಗು ಯಾವಾಗ ಹೋಯಿತೆಂದು ಜೋಬ್ ನೋಡಲಿಲ್ಲ. ಅವನು ಆಗಲೇ ಬಾಗಿಲಿಗೆ ಹೋಗಿ ಈಟಿ ಇಸಿದುಕೊಂಡಿದ್ದ. ಶಿಕ್ಷೆ ಕೂಗಿದ್ದು ಕೇಳಿದಾಗಲೂ ಅವನಿಗೆ ಇನ್ನೂ ನಂಬಿಕೆಯಿತ್ತು. ದೊಡ್ಡವರು ಎಲ್ಲರೆದುರು ಒಂದು ಹೇಳಿ ಆಮೇಲೆ ಇನ್ನೊಂದು ಮಾಡುತ್ತಾರೆ, ಸಂಜೆಯೊಳಗೆ ಏನೋ ಆಗುತ್ತದೆ ಎಂದುಕೊಂಡ.

ಕೋರ್ಟು ಮುಗಿದ ದಿನ ನ್ಯಾಯಾಧೀಶರನ್ನು ಕೌಂಟಿಯ ಇನ್ನೊಂದು ಗಡಿಯವರೆಗೆ ಕಳಿಸಿಬರಬೇಕಾಗಿತ್ತು. ಅದೂ ಪದ್ಧತಿ. ಕಹಳೆ ಊದಿಸಿಕೊಂಡು, ಈಟಿ ಹಿಡಿದು, ಜೋಬ್ ಗಾಡಿಯ ಬಲಕ್ಕೆ ನಡೆದ. ಅದೇ ಬೆಳಿಗ್ಗೆ ಸೆರೆಮನೆಯ ಹಿಂಬಾಗಿಲಿನಿಂದ ಕೈದಿಗಳ ಗಾಡಿ ಬಂದರಿನ ಕಡೆಗೆ ಹೊರಟಿತು. ಹೆಂಡತಿಯರು, ತಾಯಂದಿರು, ಅಣ್ಣತಮ್ಮಂದಿರು ಗಾಡಿಯ ಪಕ್ಕದಲ್ಲಿ ಊರ ಹೊರಗಿನವರೆಗೂ ನಡೆದರು. ಡಾರ್ಕಸ್ ಮಗನ ಕೈಗೆ ಬಾರ್ಲಿ ರೊಟ್ಟಿಯ ಗಂಟು ಕೊಟ್ಟಳು. ಅಣ್ಣನೆಲ್ಲಿ ಎಂದು ರೂಬೆನ್ ಕೇಳಲಿಲ್ಲ. ಕಹಳೆ ಇಬ್ಬರಿಗೂ ಕೇಳಿಸುತ್ತಿತ್ತು.

ಗಡಿಯಲ್ಲಿ ನ್ಯಾಯಾಧೀಶರನ್ನು ಪಕ್ಕದ ಕೌಂಟಿಯ ಶೆರಿಫರಿಗೆ ಒಪ್ಪಿಸಿ, ಆರ್ಡ್‌ಲಿಯವರು ಹೋಟೆಲೊಂದರ ಅಂಗಳದಲ್ಲಿ ಕಾಲು ಚಾಚಿ ಕೂತರು. ಆಳುಗಳಿಗೆ ಬಿಯರು ಕೊಡಿಸಿದ್ದರು. ಜೋಬ್ ತನ್ನ ಲೋಟ ಮುಟ್ಟದೆ ಅವರ ಹತ್ತಿರ ಹೋಗಿ ನಿಂತ.

"ಜಡ್ಜಿ ನಿಮ್ಮ ಮಾತು ನಡೆಸ್ಲಿಲ್ಲ ಧಣಿ."

"ಯಾವ ಮಾತು?" ಅಂದರು ಆರ್ಡ್‌ಲಿಯವರು. ಆಮೇಲೆ ನೆನಪಾಗಿ, "ಓ. ಇಲ್ಲ ಜೋಬ್, ನಾನು ಹೇಳ್ಲಿಲ್ಲ. ಹೇಳೋ ಹಾಗಿರ್ಲಿಲ್ಲ. ಊಟದ ಮೇಜಲ್ಲಿ ಜಡ್ಜಿ ಮುಂದೆ ಕೇಸಿನ ಮಾತು ಎತ್ತೋದು ಮರ್ಯಾದೆ ಅಲ್ಲ. ಯಾವ ಶೆರಿಫೂ ಎತ್ತಲ್ಲ."

ಹಾಗಾದರೆ ಅದು ನಿಮಗೆ ಮುಂಚೆಯೇ ಗೊತ್ತಿರಲಿಲ್ಲವೇ ಎಂದು ಜೋಬ್ ಕೇಳಬಹುದಾಗಿತ್ತು. ಅವನು ಕೇಳಿದ್ದು ಬೇರೆ.

"ಅವತ್ತು ಬೆಳಿಗ್ಗೆ ಮೆಟ್ಟಿಲ ಹತ್ತಿರ ನನ್ನ ನೋಡಿ ತಲೆ ಆಡಿಸಿದ್ರಲ್ಲ."

"ಮೆಟ್ಟಿಲ ಹತ್ತಿರ?" ಅವರು ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡರು. "ಹೂಂ, ನಿನ್ನ ಈಟಿ ಓರೆಯಾಗಿತ್ತಲ್ಲಯ್ಯ. ನೆಟ್ಟಗೆ ಹಿಡಿ ಅಂತ ತಲೆ ಆಡಿಸ್ದೆ. ಆಮೇಲೆ ಚೆನ್ನಾಗಿ ಹಿಡಿದೆ, ಕ್ರೇಲ್ ಕೂಡ ಅಂದ."

ಜೋಬ್ ಟೋಪಿಗೆ ಕೈ ಮುಟ್ಟಿಸಿ ಹಿಂದೆ ಸರಿದ. ಅಷ್ಟು ವರ್ಷ ರೂಢಿಯಾದ ಕೈ, ಅದನ್ನು ಯಾರೂ ಕೇಳಬೇಕಾಗಿರಲಿಲ್ಲ.

ಲೇಡಿ ಡೇ ಬಂತು, ಗುತ್ತಿಗೆ ಹೊಸದಾಯಿತು. ಆರ್ಡ್‌ಲಿಯವರು ಮಾತು ಉಳಿಸಿಕೊಂಡರು. ಅವರು ಕೊಟ್ಟ ಎರಡು ಮಾತುಗಳಲ್ಲಿ ಕೈಗೆಟುಕುವ ಮಾತು ಅದೊಂದೇ ಆಗಿತ್ತು. ಜೋಬ್ ಹೊಸ ಪತ್ರದಲ್ಲಿ ಸಹಿಯ ಬದಲು ಕತ್ತರಿ ಗುರುತು ಹಾಕಿ ಮನೆಗೆ ಬಂದಾಗ ತಾಯಿ ತನ್ನ ಹಾಸಿಗೆ ಮಡಚಿ ಹೊಸಿಲ ಹೊರಗೆ ಇಟ್ಟಿದ್ದಳು. ರೂಬೆನ್‌ನ ಗುಡಿಸಲಿಗೆ ಹೊರಟಿದ್ದಳು.

"ಎಲ್ಲಿಗೆ ಅವ್ವ?"

"ಅವನು ಬರೋ ಹೊತ್ತಿಗೆ ಒಲೆ ಆರಿರಬಾರದು."

"ಏಳು ವರ್ಷ ಅವ್ವ. ಅಲ್ಲೀವರೆಗೆ ಇಲ್ಲಿರು. ನಾನೇನು ಬೇಕಂತ ಮಾಡಿದ್ನಾ?"

ಡಾರ್ಕಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೇಕಂತ ಮಾಡಿದ್ರೆ ಅದಕ್ಕಾದ್ರೂ ಗಂಡಸ್ತನ ಬೇಕಾಗ್ತಿತ್ತು," ಅಂದಳು. "ಹಾಸಿಗೆ ಎತ್ತಬೇಡ. ಕೆಜಾಯ ಎತ್ತಲಿ."

ಅಂದಿನಿಂದ ಅವಳು ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಬೇರೆಯವರ ಹತ್ತಿರ ಮಾತಾಡುವಾಗ ಶೆರಿಫರ ಆಳು ಅನ್ನುತ್ತಿದ್ದಳು: ಶೆರಿಫರ ಆಳಿನ ಹಸು ಬೇಲಿ ದಾಟಿದೆ, ಶೆರಿಫರ ಆಳಿನ ಮಗುವಿಗೆ ಕೆಮ್ಮು. ಕೆಜಾಯ ಹಾಲು ಕೊಂಡುಹೋದರೆ ತೆಗೆದುಕೊಳ್ಳುತ್ತಿದ್ದಳು, ಅವನು ಕೊಂಡುಹೋದರೆ ಕುಡಿಕೆ ಬಾಗಿಲಲ್ಲೇ ಇರುತ್ತಿತ್ತು. ಸುಗ್ಗಿಯ ನಂತರ ಎಪ್ಪತ್ತರ ಮುದುಕಿ ಬೇರೆಯವರ ಹೊಲಗಳಲ್ಲಿ ತೆನೆ ಆಯುವುದನ್ನು ಜೋಬ್ ತನ್ನ ಹೊಲದಿಂದ ನೋಡುತ್ತಿದ್ದ. ಅವನ ಹೊಲದಲ್ಲಿ ಅವಳು ಆಯಲಿಲ್ಲ.

ಊರು ಬೇರೆ ಥರ ನಡೆದುಕೊಂಡಿತು. ಊರಿಗೆ ಸಿಟ್ಟು ಬಹಳ ದಿನ ಇರುವುದಿಲ್ಲ, ತಮಾಷೆ ಇರುತ್ತದೆ. ಬಿಯರು ಅಂಗಡಿಗೆ ಜೋಬ್ ಕಾಲಿಟ್ಟರೆ ಯಾರಾದರೂ ಒಬ್ಬ ಬಹಳ ವಿನಯದಿಂದ, ಜೋಬ್, ಹೊತ್ತೆಷ್ಟಾಯ್ತಪ್ಪ ಎಂದು ಕೇಳುತ್ತಿದ್ದ. ಮೊದಲು ಗಂಡಸರು ಕೇಳಿದರು, ಆಮೇಲೆ ಹುಡುಗರು, ಕೊನೆಗೆ ಆ ಕೋರ್ಟಿನ ಕತೆಯೇ ಗೊತ್ತಿಲ್ಲದ ಸಣ್ಣ ಮಕ್ಕಳೂ. ಅವನು ಅಂಗಡಿಗೆ ಹೋಗುವುದನ್ನು ಬಿಟ್ಟ. ಕೆಜಾಯ ಒಂದು ಸಲ ಪೇಟೆಯಿಂದ ಅಗ್ಗದ ಗೋಡೆ ಗಡಿಯಾರ ತಂದರೆ ಹೇಗೆ ಎಂದಳು. ಅವಳು ಕುಚೋದ್ಯದವಳಲ್ಲ, ನಿಜವಾಗಿಯೇ ಕೇಳಿದ್ದಳು. ಅವನು ತಟ್ಟೆ ಬಿಟ್ಟು ಎದ್ದುಹೋದ.

ನೀಲಿ ಕೋಟು ಪದ್ಧತಿಯಂತೆ ಅವನಿಗೇ ಉಳಿಯಿತು. ಒಳ್ಳೆಯ ಉಣ್ಣೆ. ಒಂದಷ್ಟು ದಿನ ಮೊಳೆಗೆ ತೂಗಿಹಾಕಿದ್ದ, ಆಮೇಲೆ ಮಳೆ ಬಂದಾಗ ಕೊಟ್ಟಿಗೆಗೆ ಹೋಗುವಾಗ ಹಾಕಿಕೊಳ್ಳತೊಡಗಿದ. ಬಡವರ ಮನೆಯಲ್ಲಿ ಯಾವ ಬಟ್ಟೆಯೂ ಬರೀ ನೆನಪಿಗೆಂದು ಇರುವುದಿಲ್ಲ.

ಆರ್ಡ್‌ಲಿಯವರು ಶೆರಿಫ್‌ಗಿರಿಯ ವರ್ಷ ಮುಗಿಸಿ ಸುಸ್ತಾದವರು ಮತ್ತೆ ಯಾವ ಸಾರ್ವಜನಿಕ ಕೆಲಸಕ್ಕೂ ಕೈಹಾಕಲಿಲ್ಲ. ದಾರಿಯಲ್ಲಿ ಸಿಕ್ಕರೆ ಜೋಬ್‌ನನ್ನು ಮಾತಾಡಿಸುತ್ತಿದ್ದರು, ನಮ್ಮ ಮೊದಲ ಈಟಿಯಾಳು ಎಂದು ಅತಿಥಿಗಳಿಗೆ ತೋರಿಸುತ್ತಿದ್ದರು. ಆ ವರ್ಷದ ಬಗ್ಗೆ ಅವರಿಗೆ ಉಳಿದ ಸವಿಯೆನ್ನಬಹುದಾದ ನೆನಪು ಬಹುಶಃ ಆ ಈಟಿಯಾಳುಗಳ ಸಾಲು ಒಂದೇ.

ಏಳು ವರ್ಷ ತುಂಬುವ ಮೊದಲೇ ಯಂತ್ರ ಮುರಿದವರಿಗೆಲ್ಲ ರಾಜನ ಕ್ಷಮೆಯಾಯಿತೆಂದು ಪಾದ್ರಿ ಚರ್ಚಿನಲ್ಲಿ ಓದಿ ಹೇಳಿದರು. ಹಿಂದಿರುಗುವ ಹಡಗಿನ ವೆಚ್ಚ ಆ ಕ್ಷಮೆಯಲ್ಲಿ ಸೇರಿರಲಿಲ್ಲ. ಆದರೂ ಜೋಬ್ ಮಹಡಿಯ ಕೋಣೆಗೆ ಸುಣ್ಣ ಬಳಿದ. ಹಾಸಿಗೆಗೆ ಹೊಸ ಹುಲ್ಲು ತುಂಬಿಸಿದ. ತಮ್ಮ ಬಂದರೆ ಜಮೀನಿನಲ್ಲಿ ಅರ್ಧ ಕೊಡುವುದೆಂದು ಕೆಜಾಯಳಿಗೆ ಹೇಳಿದ. ಧಣಿ ಒಪ್ಪಬೇಕಲ್ಲ ಎಂದು ಅವಳು ಕೇಳಿದಾಗ ಅವನು ಹುಲ್ಲಿನ ಹಾಸಿಗೆ ಹೊತ್ತು ಮಹಡಿ ಹತ್ತಿದ. ಪ್ರತಿ ವರ್ಷ ವಸಂತದಲ್ಲಿ ಆ ಹುಲ್ಲನ್ನು ಬದಲಾಯಿಸಿದ. ವರ್ಷಗಟ್ಟಲೆ ಹಿಂದಿರುಗಿದವರು ಯಾರೂ ಇರಲಿಲ್ಲ.

ಕೊನೆಗೆ ಬಂದವನು ಈಲೈ ಸ್ಟ್ರೌಡ್ ಒಬ್ಬನೇ. ಹಡಗಿನ ಬಡಗಿಯಾಗಿ ಕೆಲಸ ಮಾಡಿಕೊಂಡೇ ಬಂದಿದ್ದ. ಹಲ್ಲುಗಳು ಹೋಗಿದ್ದವು, ಚರ್ಮ ಸುಟ್ಟ ಇಟ್ಟಿಗೆಯಂತಾಗಿತ್ತು. ಹಾಲ್ಕಾಂಬ್‌ಗೆ ಬಂದವನು ಡಾರ್ಕಸ್‌ಳ ಗುಡಿಸಲಿನ ದಾರಿ ಕೇಳಿದ. ದಾರಿ ಹಾದುಹೋಗುವುದು ಜೋಬ್‌ನ ಗೇಟಿನ ಮುಂದೆ. ಜೋಬ್ ಅವನನ್ನು ಅಲ್ಲೇ ತಡೆದು ನಿಲ್ಲಿಸಿ, ಒಳಗೆ ಬಾ, ಏನಾದರೂ ತಿನ್ನು ಎಂದ. ಈಲೈ ಒಲ್ಲೆನೆಂದ. ಒರಟಾಗಿ ಅನ್ನಲಿಲ್ಲ. ಹಸಿವಿಲ್ಲ ಎಂದಷ್ಟೇ ಹೇಳಿ, ರೂಬೆನ್ ಬದುಕಿದ್ದಾನೆ ಎಂದು ತಿಳಿಸಿದ. ಬಿಡುಗಡೆಯಾದ ಮೇಲೆ ಅಲ್ಲೇ ನೆಲ ಹಿಡಿದಿದ್ದಾನೆ, ಕುರಿ ಇವೆ, ಐರಿಷ್ ಹೆಂಗಸೊಬ್ಬಳನ್ನು ಮದುವೆಯಾಗಿದ್ದಾನೆ, ಕೆಂಪು ಕೂದಲಿನ ಎರಡು ಮಕ್ಕಳು. ಅಲ್ಲಿ ಯಾರು ಎದುರಾದರೂ ಟೋಪಿ ತೆಗೆಯುವುದಿಲ್ಲ.

"ಬರ್ತಾನಾ?" ಎಂದ ಜೋಬ್.

"ಇಲ್ಲ."

"ಇಲ್ಲಿ ಕೋಣೆ ಇದೆ. ನೆಲದಲ್ಲೂ ಪಾಲು ಕೊಡ್ತೀನಿ. ಅವನಿಗೆ ಹೇಳಿ ಕಳಿಸೋಕಾಗತ್ತಾ?"

"ಬರಲ್ಲ ಅಂದ್ನಲ್ಲಪ್ಪ."

ಜೋಬ್ ಗೇಟಿನ ಮರ ಹಿಡಿದುಕೊಂಡ. "ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ?"

"ಕೇಳ್ಲಿಲ್ಲ."

"ಇಷ್ಟು ವರ್ಷದಲ್ಲಿ? ಬೈದ್ನಾ ಹಾಗಾದ್ರೆ? ಬೈದಿದ್ರೂ ಹೇಳು, ನಾನೇನೂ ಅಂದ್ಕೊಳಲ್ಲ."

ಈಲೈ ಅವನ ಮುಖವನ್ನು ನೇರವಾಗಿ ನೋಡಿದ. "ಬೈಬೇಕಾದ್ರೂ ಹೆಸರು ಎತ್ತಬೇಕಲ್ಲ," ಅಂದ. "ಅವ್ವನ ಮಾತು ಆಡ್ತಿದ್ದ. ಹಸುಗಳ ಮಾತು ಆಡ್ತಿದ್ದ. ಅವನಿಗೆ ಅಣ್ಣ ಒಬ್ಬ ಇದ್ದ ಅಂತ ಹಡಗಲ್ಲಿ ಗೊತ್ತಿದ್ದಿದ್ದು ನನಗೊಬ್ಬನಿಗೇ, ನಾನು ಕೋರ್ಟಲ್ಲಿ ಪಕ್ಕದಲ್ಲಿ ನಿಂತಿದ್ನಲ್ಲ, ಅದಕ್ಕೆ."

ಈಲೈ ಓಣಿಯಲ್ಲಿ ಇಳಿದುಹೋದ. ಜೋಬ್ ತಾನೇಕೆ ಹೋಗುತ್ತಿದ್ದೇನೆಂದು ಯೋಚಿಸದೆ ಸ್ವಲ್ಪ ದೂರದಲ್ಲಿ ಹಿಂದೆ ಹೋದ. ಗುಡಿಸಲಿನ ಬೇಲಿಯ ಈಚೆಗೆ ನಿಂತ. ಒಳಗೆ ಈಲೈಯ ದನಿ ಸಣ್ಣಗೆ ಕೇಳಿಸುತ್ತಿತ್ತು: ಕುರಿಗಳು, ಐರಿಷ್ ಸೊಸೆ, ದೊಡ್ಡ ಮಗು ಅಜ್ಜಿಯ ಹಾಗೆಯೇ ಹಟಮಾರಿ. ಆಮೇಲೆ ಡಾರ್ಕಸ್ ನಕ್ಕಳು. ಎಂಬತ್ತು ದಾಟಿದ ಹೆಂಗಸಿನ ನಗು, ಕೆಮ್ಮಿನೊಂದಿಗೆ ಬೆರೆತದ್ದು. ಅವನು ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಮೊದಲಿಗೆ ಯಾರದೆಂದು ತಿಳಿಯಲಿಲ್ಲ.

ಅವಳು ಮತ್ತೆ ಹೇಳು, ಮತ್ತೊಂದು ಸಲ ಹೇಳು ಎಂದು ಈಲೈಯನ್ನು ಒತ್ತಾಯಿಸುತ್ತಿದ್ದಳು. ಗಾಳಿ ಎದ್ದಿತ್ತು. ಒಳಗಿನಿಂದ ಯಾರೋ ಬಂದು ಕಿಟಕಿಯ ಹಲಗೆ ಎಳೆದುಕೊಂಡರು; ಅವನನ್ನು ಕಂಡು ಎಳೆದರೋ, ಚಳಿಗೆ ಎಳೆದರೋ ತಿಳಿಯಲಿಲ್ಲ. ಮಾತು ಕೇಳಿಸುವುದು ನಿಂತಿತು. ಜೋಬ್ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದ. ಆಮೇಲೆ ಹಾಲು ಕರೆಯಬೇಕಾಗಿತ್ತಾದ್ದರಿಂದ ಮನೆಗೆ ಹೋದ.